ಕಿಟ್ಸ್‌ಮಿಲ್ಲರ್ ವಿರುದ್ಧ ಡೋವರ್ ಪ್ರದೇಶ ಶಾಲಾ ಜಿಲ್ಲೆ

ಕಿಟ್ಸ್‌ಮಿಲ್ಲರ್ ವಿರುದ್ಧ ಡೋವರ್ ಪ್ರದೇಶ ಶಾಲಾ ಜಿಲ್ಲೆ ಎಂಬುದು ಅಮೆರಿಕ ಸಂಯುಕ್ತ ಸಂಸ್ಥಾನದ ಪೆನ್ಸಿಲ್ವೇನಿಯಾ ರಾಜ್ಯದ ಒಂದು ಮೊಕದ್ದಮೆ. ಹ್ಯಾರಿಸ್‌ಬರ್ಗ್ ನಗರದ ಫೆಡರಲ್ ಜಿಲ್ಲಾ ನ್ಯಾಯಾಲಯದಲ್ಲಿ ಇದರ ವಿಚಾರಣೆ ನಡೆದು, 2005ರ ಡಿಸೆಂಬರ್ 20ರಂದು ತೀರ್ಪು ಹೊರಬಿತ್ತು. ಸರ್ಕಾರಿ ಪ್ರೌಢಶಾಲೆಯ ಜೀವವಿಜ್ಞಾನ ತರಗತಿಯಲ್ಲಿ ಡಾರ್ವಿನ್ನನ ವಿಕಾಸ ಸಿದ್ಧಾಂತದ "ಕೊರತೆ"ಗಳನ್ನೂ ಅದಕ್ಕೆ ಪರ್ಯಾಯವೆಂದು ಹೇಳಲಾದ "ಬುದ್ಧಿಪೂರ್ವಕ ವಿನ್ಯಾಸ"ವನ್ನೂ ವಿದ್ಯಾರ್ಥಿಗಳ ಗಮನಕ್ಕೆ ತರಬೇಕೆಂದು ಸ್ಥಳೀಯ ಶಾಲಾ ಮಂಡಳಿ ಮಾಡಿದ ನಿರ್ಣಯವನ್ನು ಹನ್ನೊಂದು ಮಂದಿ ಪೋಷಕರು ಪ್ರಶ್ನಿಸಿದ್ದರು. ನ್ಯಾಯಾಧೀಶ ಜಾನ್ ಇ. ಜೋನ್ಸ್ ಅವರು ಬುದ್ಧಿಪೂರ್ವಕ ವಿನ್ಯಾಸವು ವಿಜ್ಞಾನವಲ್ಲ, ಸೃಷ್ಟಿವಾದದ ಹೊಸ ರೂಪ ಎಂದು ನಿರ್ಣಯಿಸಿ, ಮಂಡಳಿಯ ಕ್ರಮವು ಸಂವಿಧಾನಬಾಹಿರವೆಂದು ಸಾರಿದರು. ವಿಜ್ಞಾನ ತರಗತಿಯಲ್ಲಿ ಸೃಷ್ಟಿವಾದಕ್ಕೆ ಸ್ಥಾನವಿದೆಯೇ ಎಂಬ ಪ್ರಶ್ನೆಯನ್ನು ಸಾಕ್ಷ್ಯ, ಪಾಟೀಸವಾಲುಗಳ ಮೂಲಕ ಇಷ್ಟು ವಿಸ್ತಾರವಾಗಿ ಪರಿಶೀಲಿಸಿದ ಮೊಕದ್ದಮೆಗಳು ವಿರಳ.

ಪದಗಳ ಅರ್ಥ

ಈ ಲೇಖನದಲ್ಲಿ ಸರ್ಕಾರಿ ಶಾಲೆ ಎಂದರೆ ಅಮೆರಿಕದಲ್ಲಿ ಪಬ್ಲಿಕ್ ಸ್ಕೂಲ್ ಎಂದು ಕರೆಯಲಾಗುವ, ತೆರಿಗೆಯ ಹಣದಿಂದ ನಡೆಯುವ ಶಾಲೆ. ಭಾರತದಲ್ಲಿ ಅದೇ ಹೆಸರು ಹೊತ್ತ ಖಾಸಗಿ ಶಾಲೆಗಳಿಗೂ ಇದಕ್ಕೂ ಸಂಬಂಧವಿಲ್ಲ. ಈ ಭೇದ ಇಲ್ಲಿ ಮುಖ್ಯ. ಏಕೆಂದರೆ ಅಮೆರಿಕದ ಖಾಸಗಿ ಧಾರ್ಮಿಕ ಶಾಲೆಗಳು ಸೃಷ್ಟಿವಾದವನ್ನು ಕಲಿಸುವುದಕ್ಕೆ ಈ ತೀರ್ಪು ಯಾವ ಅಡ್ಡಿಯನ್ನೂ ಮಾಡುವುದಿಲ್ಲ. ಶಾಲಾ ಜಿಲ್ಲೆ ಎಂಬುದು ಕೆಲವು ಊರುಗಳ ಶಾಲೆಗಳನ್ನು ಒಟ್ಟಾಗಿ ನಡೆಸುವ ಆಡಳಿತ ಘಟಕ. ಅದರ ಮಂಡಳಿಯ ಸದಸ್ಯರನ್ನು ಸ್ಥಳೀಯ ಮತದಾರರು ಚುನಾಯಿಸುತ್ತಾರೆ.

ಸೃಷ್ಟಿವಾದವೆಂದರೆ ಜೀವಿಗಳ ಬಗೆಗಳು ಪರಸ್ಪರ ಸಂಬಂಧವಿಲ್ಲದೆ, ದೈವದ ನೇರ ಕ್ರಿಯೆಯಿಂದ ಉಂಟಾದವು ಎಂಬ ನಂಬಿಕೆ. ಅಮೆರಿಕದಲ್ಲಿ ಇದು ಸಾಮಾನ್ಯವಾಗಿ ಬೈಬಲಿನ ಆದಿಕಾಂಡದ ಅಕ್ಷರಶಃ ವ್ಯಾಖ್ಯಾನದೊಡನೆ ಬೆಸೆದುಕೊಂಡಿದೆ. ಬುದ್ಧಿಪೂರ್ವಕ ವಿನ್ಯಾಸದ ಪ್ರತಿಪಾದಕರು ದೇವರ ಹೆಸರನ್ನಾಗಲಿ ಭೂಮಿಯ ವಯಸ್ಸನ್ನಾಗಲಿ ಎತ್ತುವುದಿಲ್ಲ. ಕೆಲವು ಜೈವಿಕ ರಚನೆಗಳು ಎಷ್ಟು ಸಂಕೀರ್ಣವೆಂದರೆ ಅವುಗಳ ಹಿಂದೆ ಒಬ್ಬ ಬುದ್ಧಿಶಾಲಿ ವಿನ್ಯಾಸಕ ಇದ್ದಿರಲೇಬೇಕು ಎಂದಷ್ಟೇ ಹೇಳುತ್ತಾರೆ.

ಕನ್ನಡದ ಓದುಗರು ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಕನ್ನಡದಲ್ಲಿ "ವಿಕಾಸವಾದ" ಎಂಬ ಪದ ಬಹುಕಾಲದಿಂದ ರೂಢಿಯಲ್ಲಿದೆ. "ವಾದ" ಎಂಬ ಉತ್ತರಪದದಿಂದಾಗಿ ವಿಕಾಸವಾದ, ಸೃಷ್ಟಿವಾದಗಳೆರಡೂ ಒಂದೇ ತಕ್ಕಡಿಯ ಎರಡು ತಟ್ಟೆಗಳಂತೆ, ದ್ವೈತ ಅದ್ವೈತಗಳಂತಹ ಎರಡು ಮತಗಳಂತೆ ಕೇಳಿಸುತ್ತವೆ. ಡೋವರ್‌ನಲ್ಲಿ ಜಗಳವಾದದ್ದು ಹೆಚ್ಚುಕಡಿಮೆ ಇದೇ ಬಗೆಯ ಭ್ರಮೆಯ ಸುತ್ತ: ಇಂಗ್ಲಿಷಿನ "ಥಿಯರಿ" ಎಂಬ ಪದಕ್ಕೆ ಆಡುಮಾತಿನಲ್ಲಿ ಊಹೆ ಎಂಬ ಅರ್ಥವಿದ್ದರೆ, ವಿಜ್ಞಾನದಲ್ಲಿ ಅಪಾರ ಸಾಕ್ಷ್ಯಗಳನ್ನು ಒಂದುಗೂಡಿಸಿ ವಿವರಿಸುವ, ಪದೇ ಪದೇ ಪರೀಕ್ಷೆಗೊಳಗಾದ ನಿರೂಪಣೆ ಎಂಬ ಅರ್ಥವಿದೆ. ಆದ್ದರಿಂದ ಈ ಲೇಖನದಲ್ಲಿ "ವಿಕಾಸ ಸಿದ್ಧಾಂತ" ಎಂಬ ಪದವನ್ನೇ ಬಳಸಲಾಗಿದೆ.

ಹಿಂದಿನ ಮೊಕದ್ದಮೆಗಳು

ಅಮೆರಿಕದ ಸಂವಿಧಾನದ ಮೊದಲ ತಿದ್ದುಪಡಿಯು ಸರ್ಕಾರವು ಯಾವುದೇ ಧರ್ಮವನ್ನು ಸ್ಥಾಪಿಸುವ ಕಾನೂನು ಮಾಡಬಾರದೆಂದು ವಿಧಿಸುತ್ತದೆ. 1947ರ ಒಂದು ತೀರ್ಪಿನ ನಂತರ ಈ ನಿಷೇಧವು ರಾಜ್ಯಗಳಿಗೂ, ಆ ಮೂಲಕ ಶಾಲಾ ಮಂಡಳಿಗಳಿಗೂ ಅನ್ವಯಿಸುತ್ತದೆ. ಅದಕ್ಕೂ ಹಿಂದಿನದಾದ 1925ರ ಸ್ಕೋಪ್ಸ್ ಮೊಕದ್ದಮೆ ಪ್ರಸಿದ್ಧವಾದರೂ ಕಾನೂನಿನ ದೃಷ್ಟಿಯಿಂದ ಅದರ ಫಲ ಅಲ್ಪ. ಟೆನ್ನೆಸ್ಸೀ ರಾಜ್ಯದ ಡೇಟನ್ ಊರಿನಲ್ಲಿ ವಿಕಾಸವನ್ನು ಕಲಿಸಿದ ಆರೋಪದ ಮೇಲೆ ಜಾನ್ ಸ್ಕೋಪ್ಸ್ ಎಂಬ ಶಿಕ್ಷಕರಿಗೆ 100 ಡಾಲರ್ ದಂಡ ಬಿದ್ದಿತು. ದಂಡವನ್ನು ನ್ಯಾಯದರ್ಶಿಗಳ ಬದಲು ನ್ಯಾಯಾಧೀಶರು ವಿಧಿಸಿದ್ದರೆಂಬ ತಾಂತ್ರಿಕ ಕಾರಣಕ್ಕೆ ಅದು 1927ರಲ್ಲಿ ರದ್ದಾಯಿತು. ವಿಕಾಸದ ಬೋಧನೆಯನ್ನು ನಿಷೇಧಿಸಿದ್ದ ಕಾನೂನು ಮಾತ್ರ 1967ರವರೆಗೂ ಉಳಿದುಕೊಂಡಿತು.

1957ರಲ್ಲಿ ಸೋವಿಯತ್ ಒಕ್ಕೂಟವು ಸ್ಪುಟ್ನಿಕ್ ಉಪಗ್ರಹವನ್ನು ಹಾರಿಸಿದಾಗ ಅಮೆರಿಕವು ತನ್ನ ವಿಜ್ಞಾನ ಶಿಕ್ಷಣ ಹಿಂದುಳಿದಿದೆಯೆಂದು ಬೆಚ್ಚಿತು. ಆ ಆತಂಕದಿಂದ ಹುಟ್ಟಿದ ಹೊಸ ಪಠ್ಯಪುಸ್ತಕಗಳು ವಿಕಾಸವನ್ನು ಜೀವವಿಜ್ಞಾನದ ಕೇಂದ್ರಕ್ಕೆ ತಂದವು. ಹಳೆಯ ನಿಷೇಧಗಳು ಮತ್ತೆ ನ್ಯಾಯಾಲಯಕ್ಕೆ ಬಂದವು. 1968ರಲ್ಲಿ ಎಪರ್ಸನ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ವಿಕಾಸದ ಬೋಧನೆಯನ್ನು ನಿಷೇಧಿಸುವುದು ಸಂವಿಧಾನಬಾಹಿರವೆಂದಿತು. ನಿಷೇಧ ಸಾಧ್ಯವಿಲ್ಲದಾಗ "ಸಮಾನ ಕಾಲಾವಕಾಶ"ದ ಬೇಡಿಕೆ ಹುಟ್ಟಿತು: ವಿಕಾಸವನ್ನು ಕಲಿಸುವಷ್ಟೇ ಹೊತ್ತು "ಸೃಷ್ಟಿವಿಜ್ಞಾನ"ವನ್ನೂ ಕಲಿಸಬೇಕು ಎಂಬುದು ಅದರ ತಿರುಳು. ಅರ್ಕಾನ್ಸಾಸ್ ರಾಜ್ಯದ ಇಂಥ ಕಾನೂನು 1982ರಲ್ಲಿ ಬಿದ್ದುಹೋಯಿತು. ಲೂಸಿಯಾನಾ ರಾಜ್ಯದ ಕಾನೂನನ್ನು ಸುಪ್ರೀಂ ಕೋರ್ಟು 1987ರ ಎಡ್ವರ್ಡ್ಸ್ ವಿರುದ್ಧ ಅಗಿಲಾರ್ಡ್ ಮೊಕದ್ದಮೆಯಲ್ಲಿ 7-2ರ ಬಹುಮತದಿಂದ ರದ್ದುಪಡಿಸಿತು. ಆ ಮೊಕದ್ದಮೆಯಲ್ಲಿ 72 ಮಂದಿ ನೊಬೆಲ್ ಪುರಸ್ಕೃತರು ಕಾನೂನನ್ನು ವಿರೋಧಿಸಿ ನ್ಯಾಯಾಲಯಕ್ಕೆ ಹೇಳಿಕೆ ಸಲ್ಲಿಸಿದ್ದರು. ಇಸವಿ 1987 ಎಂಬುದನ್ನು ಓದುಗರು ನೆನಪಿಟ್ಟುಕೊಳ್ಳುವುದು ಒಳ್ಳೆಯದು. ಡೋವರ್ ವಿಚಾರಣೆಯಲ್ಲಿ ಅದು ಮತ್ತೆ ಎದುರಾಗುತ್ತದೆ.

ಡೋವರ್‌ನಲ್ಲಿ ನಡೆದದ್ದು

ಡೋವರ್ ಯಾರ್ಕ್ ಕೌಂಟಿಯ ಒಂದು ಚಿಕ್ಕ ಪಟ್ಟಣ. ಶಾಲಾ ಜಿಲ್ಲೆಯಲ್ಲಿ ಸುಮಾರು 3,700 ವಿದ್ಯಾರ್ಥಿಗಳಿದ್ದು, ಅವರಲ್ಲಿ ಸುಮಾರು 1,000 ಮಂದಿ ಪ್ರೌಢಶಾಲೆಯಲ್ಲಿದ್ದರು. ವಿವಾದದ ಬೇರು 2004ಕ್ಕಿಂತ ಹಿಂದಿನದು. 2002ರಲ್ಲಿ ವಿಜ್ಞಾನ ಕೊಠಡಿಯಲ್ಲಿದ್ದ, ವಿದ್ಯಾರ್ಥಿಯೊಬ್ಬ ರಚಿಸಿದ ಮಾನವ ವಿಕಾಸದ ದೊಡ್ಡ ವರ್ಣಚಿತ್ರವನ್ನು ತೆಗೆದು ಸುಟ್ಟುಹಾಕಲಾಗಿತ್ತು.

2004ರ ಬೇಸಿಗೆಯಲ್ಲಿ ಹೊಸ ಜೀವವಿಜ್ಞಾನ ಪಠ್ಯಪುಸ್ತಕ ಕೊಳ್ಳುವ ಪ್ರಸ್ತಾಪ ಬಂದಾಗ ಮಂಡಳಿಯ ಪಠ್ಯಕ್ರಮ ಸಮಿತಿಯ ಅಧ್ಯಕ್ಷರು ಅದರಲ್ಲಿ ಡಾರ್ವಿನ್ ಮಾತ್ರ ತುಂಬಿದ್ದಾನೆಂದು ಆಕ್ಷೇಪಿಸಿದರು. ಶಿಕ್ಷಕರು ಕೇಳಿದ್ದ ಪುಸ್ತಕ ಕೆನೆತ್ ಮಿಲ್ಲರ್ ಮತ್ತು ಜೋಸೆಫ್ ಲೆವೀನ್ ಬರೆದ, ದೇಶದಾದ್ಯಂತ ಬಳಕೆಯಲ್ಲಿದ್ದ ಸಾಮಾನ್ಯ ಪಠ್ಯ. ಜೂನ್ ತಿಂಗಳ ಸಭೆಗಳಲ್ಲಿ ಸೃಷ್ಟಿವಾದದ ಹೆಸರೂ ಕ್ರೈಸ್ತ ಧರ್ಮದ ಪ್ರಸ್ತಾಪವೂ ಬಹಿರಂಗವಾಗಿಯೇ ಕೇಳಿಬಂದವು. ತಡವಾದರೂ ಪಠ್ಯಪುಸ್ತಕದ ಖರೀದಿಗೆ ಆಗಸ್ಟಿನಲ್ಲಿ ಒಪ್ಪಿಗೆ ಸಿಕ್ಕಿತು. ಅಷ್ಟರಲ್ಲಿ ಇನ್ನೊಂದು ಪುಸ್ತಕ ರಂಗಕ್ಕೆ ಬಂದಿತ್ತು. ಅದು "ಆಫ್ ಪಾಂಡಾಸ್ ಅಂಡ್ ಪೀಪಲ್", ಬುದ್ಧಿಪೂರ್ವಕ ವಿನ್ಯಾಸವನ್ನು ಪ್ರತಿಪಾದಿಸುವ ಪಠ್ಯ. ಅದರ 60 ಪ್ರತಿಗಳು ಅನಾಮಧೇಯ ದಾನವಾಗಿ ಶಾಲೆಯ ಗ್ರಂಥಾಲಯ ಸೇರಿದವು. ಈ ಪ್ರತಿಗಳ ಹಣವನ್ನು ಚರ್ಚೊಂದರಲ್ಲಿ ಸಂಗ್ರಹಿಸಿ, ಮಂಡಳಿಯ ಸದಸ್ಯರ ಮೂಲಕವೇ ಸಾಗಿಸಲಾಗಿತ್ತೆಂಬುದು ವಿಚಾರಣೆಯ ವೇಳೆ ಬಯಲಾಯಿತು.

2004ರ ಅಕ್ಟೋಬರ್ 18ರಂದು ಮಂಡಳಿಯು 6-3ರ ಮತದಿಂದ ನಿರ್ಣಯ ಅಂಗೀಕರಿಸಿತು. ವಿರೋಧಿಸಿದವರಲ್ಲಿ ಇಬ್ಬರು ಅಂದೇ ರಾಜೀನಾಮೆ ನೀಡಿದರು. ನವೆಂಬರಿನಲ್ಲಿ, ಒಂಬತ್ತನೆಯ ತರಗತಿಯ ಜೀವವಿಜ್ಞಾನದ ವಿದ್ಯಾರ್ಥಿಗಳಿಗೆ ಶಿಕ್ಷಕರು ಓದಿಹೇಳಬೇಕಾದ ನಾಲ್ಕು ಕಂಡಿಕೆಗಳ ಹೇಳಿಕೆ ಪ್ರಕಟವಾಯಿತು. ರಾಜ್ಯದ ಪರೀಕ್ಷೆಗಾಗಿ ಡಾರ್ವಿನ್ನನ ಸಿದ್ಧಾಂತವನ್ನು ಕಲಿಯಲೇಬೇಕು. ಆದರೆ ಅದು ಸಿದ್ಧಾಂತವಷ್ಟೇ, ವಾಸ್ತವವಲ್ಲ. ಅದರಲ್ಲಿ ಸಾಕ್ಷ್ಯವಿಲ್ಲದ ಕಂದರಗಳಿವೆ. ಬುದ್ಧಿಪೂರ್ವಕ ವಿನ್ಯಾಸವೆಂಬುದು ಜೀವದ ಮೂಲದ ಕುರಿತ ಬೇರೊಂದು ವಿವರಣೆ, ಆಸಕ್ತರು ಗ್ರಂಥಾಲಯದಲ್ಲಿರುವ ಪುಸ್ತಕವನ್ನು ನೋಡಬಹುದು. ಜೀವದ ಮೂಲದ ಚರ್ಚೆಯನ್ನು ಶಾಲೆಯು ವಿದ್ಯಾರ್ಥಿಗಳಿಗೂ ಅವರ ಕುಟುಂಬಗಳಿಗೂ ಬಿಡುತ್ತದೆ ಎಂಬುದು ಅದರ ಸಾರಾಂಶ.

ಶಿಕ್ಷಕರು ಇದನ್ನು ಓದಲು ನಿರಾಕರಿಸಿದರು. ಬೋಧಿಸುವ ವಿಷಯವನ್ನು ಬೇಕೆಂದೇ ತಪ್ಪಾಗಿ ನಿರೂಪಿಸಬಾರದೆಂಬುದು ರಾಜ್ಯದ ಶಿಕ್ಷಕರ ವೃತ್ತಿಸಂಹಿತೆಯ ನಿಯಮ, ಹೇಳಿಕೆಯನ್ನು ಓದಿದರೆ ಆ ನಿಯಮವನ್ನು ಮುರಿದಂತಾಗುತ್ತದೆ ಎಂಬುದು ಅವರ ಲಿಖಿತ ನಿಲುವು. ಕೆಲಸ ಹೋಗುವ ಭಯದ ನಡುವೆ ಬಂದ ಈ ನಿರಾಕರಣೆಯು ಇಡೀ ಪ್ರಕರಣದ ಗಟ್ಟಿಯಾದ ಸಂಗತಿಗಳಲ್ಲೊಂದು. ಕೊನೆಗೆ 2005ರ ಜನವರಿಯಲ್ಲಿ ಆಡಳಿತಾಧಿಕಾರಿಗಳೇ ತರಗತಿಗೆ ಬಂದು ಹೇಳಿಕೆಯನ್ನು ಓದಿದರು, ಶಿಕ್ಷಕರು ಹೊರನಡೆದರು. ವಿದ್ಯಾರ್ಥಿಗಳು ಪ್ರಶ್ನೆ ಕೇಳುವಂತಿರಲಿಲ್ಲ. ಪ್ರಶ್ನೆಗೆ ಅವಕಾಶವಿಲ್ಲದ ಪಾಠ ವಿಜ್ಞಾನ ತರಗತಿಯಲ್ಲಿ ನಡೆದದ್ದು ಇದೊಂದೇ ಎನ್ನಲಾಗದು, ಆದರೆ ವಿಮರ್ಶಾತ್ಮಕ ಚಿಂತನೆಯನ್ನು ಬೆಳೆಸುವುದೇ ತನ್ನ ಗುರಿಯೆಂದು ಮಂಡಳಿ ಹೇಳಿಕೊಂಡಿತ್ತು.

ಇದಕ್ಕೂ ಮೊದಲೇ, 2004ರ ಡಿಸೆಂಬರ್ 14ರಂದು, ಟ್ಯಾಮಿ ಕಿಟ್ಸ್‌ಮಿಲ್ಲರ್ ಮತ್ತು ಇತರ ಹತ್ತು ಪೋಷಕರು ದಾವೆ ಹೂಡಿದ್ದರು. ಅಮೆರಿಕನ್ ನಾಗರಿಕ ಸ್ವಾತಂತ್ರ್ಯ ಒಕ್ಕೂಟ, ಧರ್ಮ ಮತ್ತು ರಾಜ್ಯದ ಪ್ರತ್ಯೇಕತೆಗಾಗಿ ದುಡಿಯುವ ಒಂದು ಸಂಘಟನೆ ಹಾಗೂ ಪೆಪ್ಪರ್ ಹ್ಯಾಮಿಲ್ಟನ್ ಎಂಬ ವಕೀಲಸಂಸ್ಥೆ ಅವರ ಪರ ನಿಂತವು. ಮಂಡಳಿಯ ಪರ ಮಿಷಿಗನ್ ರಾಜ್ಯದ ಥಾಮಸ್ ಮೋರ್ ಲಾ ಸೆಂಟರ್ ವಾದಿಸಿತು. ಬುದ್ಧಿಪೂರ್ವಕ ವಿನ್ಯಾಸದ ಮುಖ್ಯ ಪ್ರಚಾರಕ ಸಂಸ್ಥೆಯಾದ ಸಿಯಾಟಲ್ ನಗರದ ಡಿಸ್ಕವರಿ ಇನ್‌ಸ್ಟಿಟ್ಯೂಟ್ ಡೋವರ್ ಮಂಡಳಿಯ ಕ್ರಮವನ್ನು ಬೆಂಬಲಿಸಲಿಲ್ಲ. ಈ ವಾದವನ್ನು ಶಾಲೆಯಲ್ಲಿ ಕಡ್ಡಾಯ ಮಾಡುವುದು ಅದರ ನೀತಿಯಾಗಿರಲಿಲ್ಲ. ಅದರ ನಂಟುಳ್ಳ ಕೆಲವು ತಜ್ಞರು ಸಾಕ್ಷಿಪಟ್ಟಿಯಿಂದ ಹಿಂದೆ ಸರಿದರು.

ವಿಚಾರಣೆ

ವಿಚಾರಣೆ 2005ರ ಸೆಪ್ಟೆಂಬರ್ 26ರಿಂದ ನವೆಂಬರ್ 4ರವರೆಗೆ ನ್ಯಾಯದರ್ಶಿಗಳಿಲ್ಲದೆ ನಡೆಯಿತು. ಮೊದಲ ದಿನದಿಂದ ಕೊನೆಯ ದಿನದವರೆಗೆ ಎಣಿಸಿದರೆ ಸರಿಯಾಗಿ 40 ದಿನ. ಬೈಬಲಿನಲ್ಲಿ ನೋಹನ ಕಾಲದ ಮಳೆ ಸುರಿದದ್ದೂ ಅಷ್ಟೇ ದಿನ. ಮಂಡಳಿಯ ವಕೀಲರು ಇದನ್ನು ಎತ್ತಿ ಹೇಳಿ ಇದು ಉದ್ದೇಶಪೂರ್ವಕವೇ ಎಂದು ಕೇಳಿದಾಗ, ಕಾಕತಾಳೀಯವಷ್ಟೇ, ವಿನ್ಯಾಸವಲ್ಲ ಎಂಬರ್ಥದ ಉತ್ತರ ಕೊಟ್ಟು ನ್ಯಾಯಾಧೀಶರು ಸಭೆಯನ್ನು ನಗಿಸಿದರು.

ಪೋಷಕರ ಪರ ಮೊದಲ ಸಾಕ್ಷಿಯಾಗಿ ಬಂದವರು ಬ್ರೌನ್ ವಿಶ್ವವಿದ್ಯಾಲಯದ ಜೀವವಿಜ್ಞಾನಿ ಕೆನೆತ್ ಮಿಲ್ಲರ್. ಅವರು ಡೋವರ್ ಶಾಲೆಯ ಪಠ್ಯಪುಸ್ತಕದ ಲೇಖಕರಲ್ಲೊಬ್ಬರು, ಜೊತೆಗೆ ಶ್ರದ್ಧಾವಂತ ಕ್ಯಾಥೊಲಿಕ್. ಸಿದ್ಧಾಂತವೊಂದು ಪರೀಕ್ಷೆಗೊಳಗಾಗುವುದೆಂದರೇನು ಎಂಬುದನ್ನು ಅವರು ವರ್ಣತಂತುಗಳ ಉದಾಹರಣೆಯಿಂದ ವಿವರಿಸಿದರು. ಚಿಂಪಾಂಜಿ, ಗೊರಿಲ್ಲಾ, ಒರಾಂಗುಟಾನ್‌ಗಳ ಜೀವಕೋಶದಲ್ಲಿ 48 ವರ್ಣತಂತುಗಳಿವೆ, ಮನುಷ್ಯನಲ್ಲಿ 46. ಇವರೆಲ್ಲರಿಗೂ ಪೂರ್ವಜರು ಒಬ್ಬರೇ ಆಗಿದ್ದರೆ, ಮನುಷ್ಯನ ವಂಶದಲ್ಲಿ ಎಲ್ಲೋ ಎರಡು ಜೋಡಿಗಳು ಬೆಸೆದು ಒಂದಾಗಿರಬೇಕು. ಹಾಗೆ ಬೆಸೆದಿದ್ದರೆ ಗುರುತು ಉಳಿದಿರಬೇಕು: ಸಾಮಾನ್ಯವಾಗಿ ವರ್ಣತಂತುವಿನ ತುದಿಯಲ್ಲಿ ಮಾತ್ರ ಇರುವ ಡಿಎನ್‌ಎ ಅನುಕ್ರಮವು ನಡುವೆ ಕಾಣಿಸಬೇಕು. ಮನುಷ್ಯನ ಎರಡನೆಯ ವರ್ಣತಂತುವಿನಲ್ಲಿ ಅದು ಹಾಗೆಯೇ ಕಾಣಿಸುತ್ತದೆ. ಕಾಣಿಸದಿದ್ದಿದ್ದರೆ ವಿಕಾಸ ಸಿದ್ಧಾಂತವು ಗಂಭೀರ ತೊಂದರೆಗೆ ಸಿಲುಕುತ್ತಿತ್ತು. ವಿನ್ಯಾಸಕನ ಕಲ್ಪನೆಗಾದರೋ ಇಂಥ ತೊಂದರೆಯೇ ಇಲ್ಲ: ತಂತುಗಳು 48 ಇದ್ದರೂ 46 ಇದ್ದರೂ ಅದು ವಿನ್ಯಾಸಕನ ಇಚ್ಛೆ ಎಂದು ಹೇಳಿಬಿಡಬಹುದು. ಯಾವ ಫಲಿತಾಂಶ ಬಂದರೂ ಸೋಲದ ವಿವರಣೆಯು ಯಾವುದನ್ನೂ ವಿವರಿಸಿದಂತಾಗುವುದಿಲ್ಲ ಎಂಬ ತರ್ಕ ಇದರ ಹಿಂದಿದೆ.

ಮಂಡಳಿಯ ಪರ ಪ್ರಮುಖ ಸಾಕ್ಷಿ ಲೀಹೈ ವಿಶ್ವವಿದ್ಯಾಲಯದ ಜೀವರಸಾಯನ ವಿಜ್ಞಾನಿ ಮೈಕೇಲ್ ಬಿಹಿ. 1996ರಲ್ಲಿ ಪ್ರಕಟವಾದ "ಡಾರ್ವಿನ್ಸ್ ಬ್ಲ್ಯಾಕ್ ಬಾಕ್ಸ್" ಕೃತಿಯಲ್ಲಿ ಅವರು "ಸರಳೀಕರಿಸಲಾಗದ ಸಂಕೀರ್ಣತೆ" ಎಂಬ ಪರಿಕಲ್ಪನೆಯನ್ನು ಮಂಡಿಸಿದ್ದರು. ಇಲಿಬೋನಿನ ಒಂದು ಭಾಗವನ್ನು ತೆಗೆದರೂ ಅದು ಕೆಲಸ ಮಾಡುವುದಿಲ್ಲ. ಹಾಗೆಯೇ ಬ್ಯಾಕ್ಟೀರಿಯಾದ ಕಶಾಂಗ, ಅಂದರೆ ಈಜಲು ನೆರವಾಗುವ ಚಾವಟಿಯಂತಹ ಅಂಗ, ಹಲವು ಪ್ರೋಟೀನುಗಳಿಂದಾದದ್ದು. ಒಂದು ಇಲ್ಲವಾದರೂ ಅದು ತಿರುಗದು. ಆದ್ದರಿಂದ ಅದು ಹಂತಹಂತವಾಗಿ ವಿಕಾಸಗೊಂಡಿರಲಾರದು ಎಂಬುದು ಅವರ ವಾದ. ಇದಕ್ಕೆ ಮಿಲ್ಲರ್ ಕೊಟ್ಟ ಉತ್ತರ ಸರಳವಾಗಿತ್ತು. ಕಶಾಂಗದ ಪ್ರೋಟೀನುಗಳಲ್ಲಿ ಸುಮಾರು ಹತ್ತನ್ನು ಹೋಲುವ ಒಂದು ಜೋಡಣೆ ಕೆಲವು ರೋಗಾಣುಗಳಲ್ಲಿದೆ. ಅದು ತಿರುಗುವುದಿಲ್ಲ ನಿಜ, ಆದರೆ ಆತಿಥೇಯ ಜೀವಕೋಶಕ್ಕೆ ವಿಷವನ್ನು ಚುಚ್ಚುತ್ತದೆ. ಒಂದು ಅಂಗದ ಭಾಗವು ಆ ಅಂಗದ ಕೆಲಸ ಮಾಡದಿದ್ದರೂ ಬೇರೊಂದು ಕೆಲಸ ಮಾಡುತ್ತಿರಬಹುದು. ವಿಕಾಸವು ಹಳೆಯದನ್ನು ಹೊಸ ಉಪಯೋಗಕ್ಕೆ ತಿರುಗಿಸಿಕೊಳ್ಳುತ್ತದೆ.

ಪಾಟೀಸವಾಲಿನಲ್ಲಿ ಬಿಹಿ ಅವರಿಗೆ ಎರಡು ಕಡೆ ಕಷ್ಟವಾಯಿತು. ರೋಗನಿರೋಧಕ ವ್ಯವಸ್ಥೆಯ ವಿಕಾಸದ ಬಗ್ಗೆ ವಿಜ್ಞಾನದಲ್ಲಿ ಉತ್ತರವಿಲ್ಲವೆಂದು ಅವರು ಬರೆದಿದ್ದರು. ವಕೀಲ ಎರಿಕ್ ರಾತ್ಸ್‌ಚೈಲ್ಡ್ ಆ ವಿಷಯದ ಮೇಲೆ ಪ್ರಕಟವಾದ 58 ಸಂಶೋಧನ ಲೇಖನಗಳನ್ನೂ ಒಂಬತ್ತು ಪುಸ್ತಕಗಳನ್ನೂ ಅವರ ಮುಂದಿಟ್ಟರು. ಬಿಹಿ ಇವು ಸಾಲವೆಂದರು. ಎರಡನೆಯದಾಗಿ, ಬುದ್ಧಿಪೂರ್ವಕ ವಿನ್ಯಾಸವನ್ನು ವೈಜ್ಞಾನಿಕ ಸಿದ್ಧಾಂತವೆಂದು ಕರೆಯಲು ಅವರು ಬಳಸಿದ ಸಡಿಲ ವ್ಯಾಖ್ಯೆಯಡಿ ಫಲಜ್ಯೋತಿಷವೂ ವೈಜ್ಞಾನಿಕ ಸಿದ್ಧಾಂತವಾಗುತ್ತದೆಯೇ ಎಂಬ ಪ್ರಶ್ನೆಗೆ ಹೌದೆಂದು ಒಪ್ಪಬೇಕಾಯಿತು. ಅವರದೇ ವಿಶ್ವವಿದ್ಯಾಲಯದ ಜೀವವಿಜ್ಞಾನ ವಿಭಾಗ ಅವರ ಈ ನಿಲುವಿನಿಂದ ಬಹಿರಂಗವಾಗಿ ದೂರ ನಿಂತಿತ್ತು.

ಆದರೆ ಮೊಕದ್ದಮೆಯ ದಿಕ್ಕನ್ನು ನಿರ್ಧರಿಸಿದ್ದು ಕಶಾಂಗಕ್ಕಿಂತ ಹೆಚ್ಚಾಗಿ ಕಾಗದಪತ್ರಗಳು. ಲೂಸಿಯಾನಾದ ತತ್ತ್ವಶಾಸ್ತ್ರ ಪ್ರಾಧ್ಯಾಪಕಿ ಬಾರ್ಬರಾ ಫಾರೆಸ್ಟ್ "ಪಾಂಡಾಸ್" ಪುಸ್ತಕದ ಹಳೆಯ ಕರಡುಗಳನ್ನು ಹೋಲಿಸಿ ಸಾಕ್ಷ್ಯ ನುಡಿದರು. 1987ಕ್ಕೆ ಮುಂಚಿನ ಕರಡುಗಳಲ್ಲಿ ಸೃಷ್ಟಿ, ಸೃಷ್ಟಿವಾದ, ಸೃಷ್ಟಿವಾದಿ ಎಂಬ ಪದಗಳಿದ್ದವು. ಎಡ್ವರ್ಡ್ಸ್ ತೀರ್ಪು ಬಂದೊಡನೆ ಸುಮಾರು 150 ಕಡೆಗಳಲ್ಲಿ ಅವನ್ನು ತೆಗೆದು ಬುದ್ಧಿಪೂರ್ವಕ ವಿನ್ಯಾಸ ಎಂದು ಹಾಕಲಾಗಿತ್ತು. ವ್ಯಾಖ್ಯೆಯ ವಾಕ್ಯ ಹಾಗೆಯೇ ಉಳಿದು, ವ್ಯಾಖ್ಯೆಗೊಳಗಾದ ಪದ ಮಾತ್ರ ಬದಲಾಗಿತ್ತು. ಒಂದು ಕರಡಿನಲ್ಲಂತೂ ಹಳೆಯ ಪದ ಪೂರ್ತಿ ಅಳಿಯಲೇ ಇಲ್ಲ. "ಕ್ರಿಯೇಷನಿಸ್ಟ್ಸ್" ಎಂಬ ಪದದ ಮೇಲೆ "ಡಿಸೈನ್ ಪ್ರೊಪೊನೆಂಟ್ಸ್" ಎಂದು ಅಂಟಿಸುವಾಗ ಮೊದಲಿನ ಒಂದು ಅಕ್ಷರವೂ ಕೊನೆಯ ಕೆಲವು ಅಕ್ಷರಗಳೂ ಉಳಿದುಹೋಗಿ "ಸಿಡಿಸೈನ್ ಪ್ರೊಪೊನೆಂಟ್ಸಿಸ್ಟ್ಸ್" ಎಂಬ ಅರ್ಥವಿಲ್ಲದ ಪದ ಹುಟ್ಟಿತ್ತು. ಜೀವಿಗಳ ನಡುವಿನ ಕೊಂಡಿಯನ್ನು ಒಪ್ಪದ ಪುಸ್ತಕವೊಂದು ತನ್ನ ವಂಶಾವಳಿಯ ನಡುಗೊಂಡಿಯನ್ನು ಹೀಗೆ ತಾನೇ ಬಿಟ್ಟುಹೋದದ್ದು ವ್ಯಂಗ್ಯ.

ಬರ್ಕ್ಲಿಯ ಪಳೆಯುಳಿಕೆ ತಜ್ಞ ಕೆವಿನ್ ಪೇಡಿಯನ್ ಮೀನಿನ ಈಜುರೆಕ್ಕೆಯಿಂದ ಕೈಕಾಲಿನವರೆಗೆ, ಡೈನೊಸಾರುಗಳಿಂದ ಹಕ್ಕಿಗಳವರೆಗೆ ದೊರೆತಿರುವ ನಡುವಣ ರೂಪಗಳನ್ನು ಚಿತ್ರಸಹಿತ ವಿವರಿಸಿದರು. ದೇವತಾಶಾಸ್ತ್ರಜ್ಞ ಜಾನ್ ಹಾಟ್ ಇನ್ನೊಂದು ಕಡೆಯಿಂದ ಬಂದರು: ಜಗತ್ತಿನ ವಿನ್ಯಾಸ ಕಂಡು ವಿನ್ಯಾಸಕನನ್ನು ಊಹಿಸುವ ತರ್ಕ ಹೊಸದಲ್ಲ, ಮಧ್ಯಯುಗದ ಥಾಮಸ್ ಅಕ್ವಿನಾಸ್‌ನಷ್ಟು ಹಳೆಯದು, ಅದು ಮೂಲತಃ ಧಾರ್ಮಿಕವಾದದ್ದು ಎಂದರು.

ತೀರ್ಪು

ನ್ಯಾಯಾಧೀಶ ಜೋನ್ಸ್ ರಿಪಬ್ಲಿಕನ್ ಪಕ್ಷದ ಹಿನ್ನೆಲೆಯವರು. 2002ರಲ್ಲಿ ಅಧ್ಯಕ್ಷ ಜಾರ್ಜ್ ಡಬ್ಲ್ಯು. ಬುಷ್ ಅವರಿಂದ ನೇಮಕಗೊಂಡವರು. ಹೀಗಾಗಿ ಮಂಡಳಿಯ ಬೆಂಬಲಿಗರಲ್ಲಿ ನಿರೀಕ್ಷೆಯಿತ್ತು. 139 ಪುಟಗಳ ತೀರ್ಪು ಆ ನಿರೀಕ್ಷೆಯನ್ನು ಪೂರ್ತಿ ಹುಸಿಗೊಳಿಸಿತು.

ಆ ಕಾಲಕ್ಕೆ ಚಾಲ್ತಿಯಲ್ಲಿದ್ದ ಎರಡು ಪರೀಕ್ಷೆಗಳನ್ನು ಅವರು ಅನ್ವಯಿಸಿದರು. ವಿಷಯ ತಿಳಿದ ನೋಡುಗನಿಗೆ ಸರ್ಕಾರವು ಒಂದು ಧರ್ಮವನ್ನು ಅನುಮೋದಿಸುತ್ತಿದೆ ಎಂದು ಕಾಣುತ್ತದೆಯೇ ಎಂಬುದು ಒಂದು. ಕ್ರಮದ ಉದ್ದೇಶ ಮತ್ತು ಪರಿಣಾಮ ಲೌಕಿಕವೇ ಎಂಬುದು 1971ರ ಲೆಮನ್ ಮೊಕದ್ದಮೆಯಿಂದ ಬಂದ ಇನ್ನೊಂದು. ಎರಡರಲ್ಲಿಯೂ ಮಂಡಳಿ ಸೋತಿತು. ವಿಜ್ಞಾನದ ಪ್ರಶ್ನೆಗೆ ಅವರು ಕೊಟ್ಟ ಕಾರಣಗಳು ಮೂರು: ಬುದ್ಧಿಪೂರ್ವಕ ವಿನ್ಯಾಸವು ಅತಿಮಾನುಷ ಕಾರಣವನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ವಿಕಾಸ ತಪ್ಪಾದರೆ ವಿನ್ಯಾಸವೇ ಸರಿ ಎಂಬ, 1980ರ ದಶಕದ ಸೃಷ್ಟಿವಿಜ್ಞಾನದಲ್ಲಿಯೂ ಇದ್ದ, ಕೃತಕ ಇಬ್ಬಗೆಯ ಮೇಲೆ ನಿಂತಿದೆ, ವಿಕಾಸದ ವಿರುದ್ಧ ಅದು ಎತ್ತಿದ ಆಕ್ಷೇಪಗಳನ್ನು ವೈಜ್ಞಾನಿಕ ಸಮುದಾಯ ಈಗಾಗಲೇ ನಿರಾಕರಿಸಿದೆ. ಎರಡನೆಯ ಕಾರಣವೇ ಇವುಗಳಲ್ಲಿ ಹೆಚ್ಚು ತೂಕದ್ದು. ಒಂದು ವಿವರಣೆಯಲ್ಲಿ ದೋಷ ಕಂಡುಬಂದ ಮಾತ್ರಕ್ಕೆ ಇನ್ನೊಂದು ತಾನಾಗಿ ಗೆಲ್ಲುವುದಿಲ್ಲ. ಗೆಲ್ಲಲು ಅದಕ್ಕೆ ತನ್ನದೇ ಸಾಕ್ಷ್ಯ ಬೇಕು.

ಬುದ್ಧಿಪೂರ್ವಕ ವಿನ್ಯಾಸ ನಿಜವಿರಬಹುದೇ ಎಂಬ ಬಗ್ಗೆ ನ್ಯಾಯಾಲಯಕ್ಕೆ ಯಾವ ನಿಲುವೂ ಇಲ್ಲವೆಂದು ತೀರ್ಪು ಸ್ಪಷ್ಟವಾಗಿ ಹೇಳಿದೆ. ವಿಕಾಸ ಸಿದ್ಧಾಂತವು ದೇವರ ನಂಬಿಕೆಗೆ ವಿರುದ್ಧವೆಂಬ ಗ್ರಹಿಕೆಯೇ ತಪ್ಪೆಂದೂ ಹೇಳಿದೆ. ಧಾರ್ಮಿಕ ಶ್ರದ್ಧೆಯನ್ನು ಹೆಮ್ಮೆಯಿಂದ ಸಾರಿಕೊಂಡ ಮಂಡಳಿಯ ಕೆಲವು ಸದಸ್ಯರು ತಮ್ಮ ಉದ್ದೇಶವನ್ನು ಮರೆಮಾಚಲು ಪದೇ ಪದೇ ಸುಳ್ಳು ಹೇಳಿದರೆಂದು ಬರೆಯುವಾಗ ಮಾತ್ರ ಅದರ ಭಾಷೆ ಕಟುವಾಗುತ್ತದೆ. ಜೂನ್ ತಿಂಗಳ ಸಭೆಗಳಲ್ಲಿ ಸೃಷ್ಟಿವಾದದ ಮಾತೇ ಬರಲಿಲ್ಲವೆಂದು ಅವರು ಪ್ರಮಾಣ ಮಾಡಿ ಹೇಳಿದ್ದರು. ಸ್ಥಳೀಯ ಪತ್ರಿಕೆಗಳ ಇಬ್ಬರು ವರದಿಗಾರರ ಸಾಕ್ಷ್ಯವೂ ದೂರದರ್ಶನದ ಒಂದು ದೃಶ್ಯವೂ ಅದನ್ನು ಸುಳ್ಳಾಗಿಸಿದವು.

"ಎರಡೂ ಕಡೆ ಕಲಿಸಿ" ಎಂಬ ವಾದ

ಈ ವಿವಾದದಲ್ಲಿ ಸಾಮಾನ್ಯ ಜನರ ಮನಸ್ಸಿಗೆ ಹತ್ತಿರವಾದ ವಾದವೆಂದರೆ ನ್ಯಾಯಸಮ್ಮತಿಯದು. ಮಕ್ಕಳ ಮುಂದೆ ಎರಡೂ ಅಭಿಪ್ರಾಯಗಳನ್ನಿಟ್ಟು ಅವರೇ ಆರಿಸಿಕೊಳ್ಳಲಿ ಎಂದರೆ ತಪ್ಪೇನು? ಪೋಷಕರ ತೆರಿಗೆಯಿಂದ ನಡೆಯುವ ಶಾಲೆಯು ಅವರ ನಂಬಿಕೆಯನ್ನು ಸಂಪೂರ್ಣ ಬದಿಗಿಡುವುದು ಸರಿಯೇ? ಈ ಪ್ರಶ್ನೆಗಳನ್ನು ಕೇಳುವವರೆಲ್ಲ ಮತಾಂಧರಲ್ಲ, ಪ್ರಶ್ನೆಗಳು ಹಗುರವೂ ಅಲ್ಲ.

ಇದಕ್ಕೆ ವಿಜ್ಞಾನ ಶಿಕ್ಷಣದ ಕಡೆಯಿಂದ ಬರುವ ಉತ್ತರ ಹೀಗಿದೆ. ಪಠ್ಯಪುಸ್ತಕದ ಪುಟವು ಚರ್ಚಾಕೂಟದ ವೇದಿಕೆಯಲ್ಲ. ದಶಕಗಳ ಪ್ರಯೋಗ, ಪ್ರಕಟಣೆ, ಟೀಕೆಗಳನ್ನು ದಾಟಿ ಉಳಿದದ್ದು ಕೊನೆಯಲ್ಲಿ ಅಲ್ಲಿಗೆ ಬರುತ್ತದೆ. ಖಂಡಗಳ ಚಲನೆಯ ಕಲ್ಪನೆಯನ್ನು ಆಲ್ಫ್ರೆಡ್ ವೆಗೆನರ್ 1912ರಲ್ಲಿ ಮಂಡಿಸಿದಾಗ ಹೆಚ್ಚಿನ ಭೂವಿಜ್ಞಾನಿಗಳು ಅದನ್ನು ತಳ್ಳಿಹಾಕಿದ್ದರು. ಅದು ಶಾಲಾಪಠ್ಯ ಸೇರಿದ್ದು ಯಾವ ಮಂಡಳಿಯ ನಿರ್ಣಯದಿಂದಲೂ ಅಲ್ಲ. 1960ರ ದಶಕದಲ್ಲಿ ಸಾಗರತಳದ ಸಾಕ್ಷ್ಯಗಳು ಭೂವಿಜ್ಞಾನಿಗಳನ್ನು ಒಪ್ಪಿಸಿದ ನಂತರ. ಬುದ್ಧಿಪೂರ್ವಕ ವಿನ್ಯಾಸವು ಈ ದಾರಿಯನ್ನು ಬಿಟ್ಟು, ಸಂಶೋಧಕರನ್ನು ಒಪ್ಪಿಸುವ ಮುನ್ನವೇ ಹದಿನಾಲ್ಕು ವರ್ಷದ ಮಕ್ಕಳ ತರಗತಿಗೆ ಬಂದಿತ್ತು. ಸಾಕ್ಷ್ಯದಲ್ಲಿ ಸಮವಲ್ಲದ ಎರಡನ್ನು ಸಮವೆಂದು ತೋರಿಸಿದರೆ ಮಕ್ಕಳಿಗೆ ಆಯ್ಕೆಯ ಸ್ವಾತಂತ್ರ್ಯ ಸಿಗುವುದಿಲ್ಲ, ತಪ್ಪು ಮಾಹಿತಿ ಸಿಗುತ್ತದೆ. ಇನ್ನು "ಎರಡೂ ಕಡೆ" ಎನ್ನುವಾಗ ಎರಡೇ ಏಕೆ ಎಂಬ ಪ್ರಶ್ನೆಯೂ ಉಂಟು. ಲೋಕದಲ್ಲಿ ಸೃಷ್ಟಿಕಥೆಗಳು ನೂರಾರಿವೆ.

ಧರ್ಮದ ವಿಷಯವನ್ನು ಅಮೆರಿಕದ ಸರ್ಕಾರಿ ಶಾಲೆಯಲ್ಲಿ ಎತ್ತಲೇಬಾರದೆಂಬುದೂ ಸರಿಯಲ್ಲ. ಶಾಲೆಯಲ್ಲಿ ಬೈಬಲ್ ಪಠಣವನ್ನು ತಡೆದ 1963ರ ಆಬಿಂಗ್ಟನ್ ತೀರ್ಪು, ಅದೂ ಪೆನ್ಸಿಲ್ವೇನಿಯಾದ್ದೇ, ಧರ್ಮಗಳನ್ನು ಇತಿಹಾಸದ ಅಥವಾ ಸಾಹಿತ್ಯದ ಭಾಗವಾಗಿ ವಸ್ತುನಿಷ್ಠವಾಗಿ ಅಧ್ಯಯನ ಮಾಡುವುದಕ್ಕೆ ಅವಕಾಶವಿದೆಯೆಂದು ಹೇಳಿದೆ. ಆದಿಕಾಂಡದ ಕಥೆಯನ್ನಾಗಲಿ ಸೃಷ್ಟಿವಾದಿ ಚಳವಳಿಯ ಇತಿಹಾಸವನ್ನಾಗಲಿ ಸಮಾಜ ಅಧ್ಯಯನದ ತರಗತಿಯಲ್ಲಿ ಓದಿಸಬಹುದು. ಡೋವರ್‌ನಲ್ಲಿ ತಕರಾರು ಬಂದದ್ದು ಅದನ್ನು ವಿಜ್ಞಾನವೆಂಬ ಹೆಸರಿನಲ್ಲಿ ಕಲಿಸಲು ಹೊರಟದ್ದಕ್ಕೆ.

ತೀರ್ಪಿನ ವಿಮರ್ಶೆ

ತೀರ್ಪನ್ನು ಟೀಕಿಸಿದವರು ಸೃಷ್ಟಿವಾದಿಗಳು ಮಾತ್ರವಲ್ಲ. ಕಾನೂನು ಪ್ರಾಧ್ಯಾಪಕ ಜೇ ವೆಕ್ಸ್ಲರ್, ಮಂಡಳಿಯ ನೀತಿ ಸಂವಿಧಾನಬಾಹಿರವೆಂಬುದನ್ನು ಒಪ್ಪುತ್ತಲೇ, ವಿಜ್ಞಾನವೆಂದರೇನು ಎಂದು ತೀರ್ಮಾನಿಸುವುದು ನ್ಯಾಯಾಧೀಶರ ಕೆಲಸವಲ್ಲ, ಧಾರ್ಮಿಕ ಉದ್ದೇಶ ಸಾಬೀತಾದರೆ ಸಾಕಿತ್ತು ಎಂದರು. ಇದಕ್ಕೆ ಹಳೆಯ ಪೂರ್ವನಿದರ್ಶನವೂ ಇದೆ. 1982ರ ಅರ್ಕಾನ್ಸಾಸ್ ತೀರ್ಪಿನ ನಂತರ ತತ್ತ್ವಶಾಸ್ತ್ರಜ್ಞ ಲ್ಯಾರಿ ಲೌಡನ್, ಸೃಷ್ಟಿವಿಜ್ಞಾನವನ್ನು ಪರೀಕ್ಷಿಸಲಾಗದು ಎನ್ನುವುದು ತಪ್ಪೆಂದು ಬರೆದಿದ್ದರು. ಭೂಮಿ ಕೆಲವೇ ಸಾವಿರ ವರ್ಷ ಹಳೆಯದೆಂಬುದು ಪರೀಕ್ಷಿಸಬಹುದಾದ ಹೇಳಿಕೆ, ಪರೀಕ್ಷೆಯಲ್ಲಿ ಅದು ಸೋತಿದೆ, ಹಾಗೆಂದೇ ಹೇಳಬೇಕು ಎಂಬುದು ಅವರ ಅಭಿಪ್ರಾಯ. ತರಗತಿಯ ಶಿಕ್ಷಕರಿಗೆ ಲೌಡನ್ನರ ಮಾರ್ಗ ಹೆಚ್ಚು ಉಪಯುಕ್ತ. ನ್ಯಾಯಾಲಯಕ್ಕೆ ಮಾತ್ರ ಅದರಿಂದ ತೊಡಕು, ಏಕೆಂದರೆ ಕಳಪೆ ವಿಜ್ಞಾನ ಕಲಿಸುವುದನ್ನು ಅಮೆರಿಕದ ಸಂವಿಧಾನ ನಿಷೇಧಿಸಿಲ್ಲ.

ತೀರ್ಪಿನ ವಿಜ್ಞಾನ ಭಾಗದ ಬಹಳಷ್ಟು ಮಾತುಗಳು ಪೋಷಕರ ವಕೀಲರು ಸಲ್ಲಿಸಿದ ಕರಡಿನಿಂದ ಬಂದವೆಂದು ಡಿಸ್ಕವರಿ ಇನ್‌ಸ್ಟಿಟ್ಯೂಟ್ ಆಕ್ಷೇಪಿಸಿತು. ಎರಡೂ ಪಕ್ಷಗಳಿಂದ ಇಂಥ ಕರಡುಗಳನ್ನು ಪಡೆದು ಒಪ್ಪಿಗೆಯಾದದ್ದನ್ನು ಬಳಸುವುದು ಅಲ್ಲಿನ ನ್ಯಾಯಾಲಯಗಳ ರೂಢಿ.

ನಂತರದ ಬೆಳವಣಿಗೆಗಳು

ತೀರ್ಪಿಗೂ ಮೊದಲೇ, 2005ರ ನವೆಂಬರ್ 8ರ ಚುನಾವಣೆಯಲ್ಲಿ, ನೀತಿಯನ್ನು ಬೆಂಬಲಿಸಿ ಸ್ಪರ್ಧಿಸಿದ್ದ ಮಂಡಳಿಯ ಎಂಟೂ ಸದಸ್ಯರು ಸೋತಿದ್ದರು. ಡೋವರ್ ಜನ ದೇವರನ್ನು ಊರಿನಿಂದ ಹೊರಗಟ್ಟಿದ್ದಾರೆ, ವಿಪತ್ತು ಬಂದರೆ ಅವನನ್ನು ಕರೆಯಬೇಡಿ ಎಂದು ದೂರದರ್ಶನದ ಧರ್ಮಪ್ರಚಾರಕ ಪ್ಯಾಟ್ ರಾಬರ್ಟ್‌ಸನ್ ಎಚ್ಚರಿಸಿದರು. ಹೊಸ ಮಂಡಳಿಯು 2006ರ ಜನವರಿಯಲ್ಲಿ ನೀತಿಯನ್ನು ಹಿಂತೆಗೆದುಕೊಂಡಿತು, ಮೇಲ್ಮನವಿ ಸಲ್ಲಿಸಲಿಲ್ಲ. ಪೋಷಕರ ಪರ ವಕೀಲರ ವೆಚ್ಚವಾಗಿ ಜಿಲ್ಲೆಯು ಸುಮಾರು 10 ಲಕ್ಷ ಡಾಲರ್ ತೆರಬೇಕಾಯಿತು. ಬೆದರಿಕೆಗಳು ಬಂದ ಕಾರಣ ನ್ಯಾಯಾಧೀಶ ಜೋನ್ಸ್ ಹಾಗೂ ಅವರ ಕುಟುಂಬಕ್ಕೆ ಕೆಲಕಾಲ ಫೆಡರಲ್ ಮಾರ್ಷಲ್‌ಗಳ ರಕ್ಷಣೆ ಒದಗಿಸಲಾಯಿತು.

ಮೇಲ್ಮನವಿ ಇಲ್ಲದ್ದರಿಂದ ಈ ತೀರ್ಪು ಜಿಲ್ಲಾ ನ್ಯಾಯಾಲಯದ ಮಟ್ಟದಲ್ಲಿಯೇ ಉಳಿದಿದೆ. ಇತರ ನ್ಯಾಯಾಲಯಗಳಿಗೆ ಅದು ಬದ್ಧಕಾರಿಯಲ್ಲ. ಆದರೂ ಮತ್ತಾವ ಶಾಲಾ ಮಂಡಳಿಯೂ ಅಷ್ಟು ಖರ್ಚಿನ ಅಪಾಯಕ್ಕೆ ಸುಲಭವಾಗಿ ಕೈಹಾಕದಂತೆ ಅದು ಮಾಡಿತು. ಪ್ರಯತ್ನಗಳು ಬೇರೆ ರೂಪ ತಾಳಿದವು. ಲೂಸಿಯಾನಾ 2008ರಲ್ಲಿ, ಟೆನ್ನೆಸ್ಸೀ 2012ರಲ್ಲಿ ವಿಕಾಸದಂತಹ "ವಿವಾದಾತ್ಮಕ" ವಿಷಯಗಳ ವಿಮರ್ಶೆಗೆ ಶಿಕ್ಷಕರಿಗೆ ಅವಕಾಶ ಕೊಡುವ ಕಾನೂನುಗಳನ್ನು ತಂದವು. ಅವುಗಳಲ್ಲಿ ಸೃಷ್ಟಿಯ ಮಾತೂ ಇಲ್ಲ, ವಿನ್ಯಾಸದ ಮಾತೂ ಇಲ್ಲ. 2022ರ ಕೆನಡಿ ವಿರುದ್ಧ ಬ್ರೆಮರ್ಟನ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಲೆಮನ್ ಪರೀಕ್ಷೆಯನ್ನು ಕೈಬಿಟ್ಟು ಇತಿಹಾಸ ಮತ್ತು ಪರಂಪರೆಯನ್ನು ಮಾನದಂಡವಾಗಿ ಇರಿಸಿತು. ಡೋವರ್ ತೀರ್ಪು ನಿಂತ ಕಾನೂನಿನ ತಳಪಾಯದ ಒಂದು ಭಾಗ ಇದರಿಂದ ಸಡಿಲಗೊಂಡಿದೆ. 1987ರ ಎಡ್ವರ್ಡ್ಸ್ ತೀರ್ಪನ್ನು ಮಾತ್ರ ಕೋರ್ಟು ರದ್ದುಪಡಿಸಿಲ್ಲ.

ವಿಜ್ಞಾನದ ಕಡೆ, ತೀರ್ಪು ಬಂದ ಕೆಲವೇ ತಿಂಗಳಲ್ಲಿ, 2006ರ ಏಪ್ರಿಲ್‌ನಲ್ಲಿ, ಕೆನಡಾದ ಆರ್ಕ್‌ಟಿಕ್ ಪ್ರದೇಶದಲ್ಲಿ ದೊರೆತ ಟಿಕ್ಟಾಲಿಕ್ ಎಂಬ ಪಳೆಯುಳಿಕೆಯ ವಿವರ ಪ್ರಕಟವಾಯಿತು. ಮೀನಿಗೂ ನಾಲ್ಕು ಕಾಲಿನ ಪ್ರಾಣಿಗಳಿಗೂ ನಡುವಣ ಲಕ್ಷಣಗಳುಳ್ಳ ಈ ಜೀವಿಯನ್ನು ಸಂಶೋಧಕರು ಎಲ್ಲೋ ಅಕಸ್ಮಾತ್ತಾಗಿ ಎಡವಿ ಕಂಡದ್ದಲ್ಲ, ಸುಮಾರು 37.5 ಕೋಟಿ ವರ್ಷ ಹಳೆಯ ಶಿಲಾಪದರದಲ್ಲಿ ಅಂಥದೊಂದು ಇರಬೇಕೆಂದು ಲೆಕ್ಕಹಾಕಿ ಹುಡುಕಿದ್ದರು.

ಭಾರತದಲ್ಲಿ

ಭಾರತದ ಶಾಲೆಗಳಲ್ಲಿ ಸೃಷ್ಟಿವಾದವನ್ನು ವಿಜ್ಞಾನವೆಂದು ಕಲಿಸಬೇಕೆಂಬ ಸಂಘಟಿತ ಚಳವಳಿ ಅಮೆರಿಕದ ಮಾದರಿಯಲ್ಲಿ ಬೆಳೆದಿಲ್ಲ. ಸಂವಿಧಾನದ 28ನೇ ವಿಧಿಯು ಸಂಪೂರ್ಣವಾಗಿ ಸರ್ಕಾರದ ಹಣದಿಂದ ನಡೆಯುವ ಶಿಕ್ಷಣ ಸಂಸ್ಥೆಗಳಲ್ಲಿ ಧಾರ್ಮಿಕ ಬೋಧನೆಯನ್ನು ನಿಷೇಧಿಸುತ್ತದೆ. 51ಎ ವಿಧಿಯು ವೈಜ್ಞಾನಿಕ ಮನೋಭಾವವನ್ನು ಬೆಳೆಸುವುದು ನಾಗರಿಕರ ಮೂಲಭೂತ ಕರ್ತವ್ಯಗಳಲ್ಲೊಂದೆನ್ನುತ್ತದೆ. ಆದರೂ ವಿಜ್ಞಾನವೆಂದರೆ ಯಾವುದು ಎಂಬ ಪ್ರಶ್ನೆ ಇಲ್ಲಿಯೂ ನ್ಯಾಯಾಲಯದ ಕಟ್ಟೆ ಹತ್ತಿದೆ. ವಿಶ್ವವಿದ್ಯಾಲಯಗಳಲ್ಲಿ ಜ್ಯೋತಿರ್ವಿಜ್ಞಾನದ ಕೋರ್ಸುಗಳನ್ನು ಆರಂಭಿಸುವ ವಿಶ್ವವಿದ್ಯಾಲಯ ಅನುದಾನ ಆಯೋಗದ ನಿರ್ಧಾರವನ್ನು ಜೀವವಿಜ್ಞಾನಿ ಪಿ. ಎಂ. ಭಾರ್ಗವ ಮತ್ತಿತರರು ಪ್ರಶ್ನಿಸಿದಾಗ, ಇದು ಶೈಕ್ಷಣಿಕ ತಜ್ಞರಿಗೆ ಬಿಟ್ಟ ವಿಷಯವೆಂದು ಸುಪ್ರೀಂ ಕೋರ್ಟು 2004ರಲ್ಲಿ ಮಧ್ಯಪ್ರವೇಶಿಸಲು ನಿರಾಕರಿಸಿತು. ಡೋವರ್‌ನಲ್ಲಿ ಬಿಹಿ ಅವರಿಗೆ ಜ್ಯೋತಿಷದ ಪ್ರಶ್ನೆ ಎದುರಾದದ್ದು ಇದರ ಮರುವರ್ಷ.

2018ರಲ್ಲಿ ಕೇಂದ್ರದ ರಾಜ್ಯ ಸಚಿವರೊಬ್ಬರು ಡಾರ್ವಿನ್ನನ ಸಿದ್ಧಾಂತ ತಪ್ಪು, ಅದನ್ನು ಪಠ್ಯದಿಂದ ತೆಗೆಯಬೇಕು ಎಂದಾಗ ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯೂ ಸೇರಿದಂತೆ ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಜಂಟಿ ಹೇಳಿಕೆ ನೀಡಿ ಅದನ್ನು ಅಲ್ಲಗಳೆದವು. ಕೋವಿಡ್ ಕಾಲದಲ್ಲಿ ಪಠ್ಯಭಾರವನ್ನು ಇಳಿಸುವ ಸಲುವಾಗಿ ಎನ್‌ಸಿಇಆರ್‌ಟಿಯು ಹತ್ತನೆಯ ತರಗತಿಯ ವಿಜ್ಞಾನದಿಂದ ವಿಕಾಸದ ಭಾಗವನ್ನು ಕೈಬಿಟ್ಟಿತು, ನಂತರ ಅದೇ ಶಾಶ್ವತವಾಯಿತು. "ಅನುವಂಶೀಯತೆ ಮತ್ತು ವಿಕಾಸ" ಎಂಬ ಅಧ್ಯಾಯ ಬರಿಯ "ಅನುವಂಶೀಯತೆ" ಆಯಿತು. 2023ರ ಏಪ್ರಿಲ್‌ನಲ್ಲಿ 1,800ಕ್ಕೂ ಹೆಚ್ಚು ವಿಜ್ಞಾನಿಗಳು ಮತ್ತು ಶಿಕ್ಷಕರು ಇದನ್ನು ವಿರೋಧಿಸಿ ಬಹಿರಂಗ ಪತ್ರಕ್ಕೆ ಸಹಿ ಹಾಕಿದರು. ಇಲ್ಲಿ ವಿಕಾಸದ ಜಾಗಕ್ಕೆ ಬೇರೆ ಯಾವ ವಾದವನ್ನೂ ತರಲಿಲ್ಲ, ಹನ್ನೆರಡನೆಯ ತರಗತಿಯ ಜೀವವಿಜ್ಞಾನದಲ್ಲಿ ಅದು ಉಳಿದಿದೆ. ಆ ಮಟ್ಟಿಗೆ ಇದು ಡೋವರ್‌ಗಿಂತ ಭಿನ್ನ. ಆದರೆ ಹತ್ತನೆಯ ತರಗತಿಯ ನಂತರ ವಿಜ್ಞಾನ ಬಿಡುವ ಬಹುಪಾಲು ಮಕ್ಕಳಿಗೆ ಆ ಪಾಠ ಎಂದೂ ಸಿಗುವುದಿಲ್ಲ ಎಂಬುದು ಸಹಿ ಹಾಕಿದವರ ಮುಖ್ಯ ಆಕ್ಷೇಪವಾಗಿತ್ತು.

ಪುಸ್ತಕ ಮತ್ತು ಸಾಕ್ಷ್ಯಚಿತ್ರ

ಮೊಕದ್ದಮೆಯನ್ನು ಕುರಿತು ಹಲವು ಪುಸ್ತಕಗಳು ಬಂದಿವೆ. ಎಡ್ವರ್ಡ್ ಹ್ಯೂಮ್ಸ್ ಅವರ "ಮಂಕಿ ಗರ್ಲ್" ಮತ್ತು ವಿಚಾರಣೆಯನ್ನು ಸ್ಥಳೀಯ ಪತ್ರಿಕೆಗಾಗಿ ವರದಿ ಮಾಡಿದ ಲಾರಿ ಲೆಬೊ ಅವರ "ದಿ ಡೆವಿಲ್ ಇನ್ ಡೋವರ್" ಅವುಗಳಲ್ಲಿ ಪ್ರಮುಖ. ಅಮೆರಿಕದ ಸಾರ್ವಜನಿಕ ದೂರದರ್ಶನದ "ನೋವಾ" ಮಾಲಿಕೆಯು 2007ರ ನವೆಂಬರಿನಲ್ಲಿ ಎರಡು ಗಂಟೆಯ ಸಾಕ್ಷ್ಯಚಿತ್ರವನ್ನು ಪ್ರಸಾರ ಮಾಡಿತು. ವಿಚಾರಣೆಯ ನಲವತ್ತು ದಿನಗಳನ್ನೇ ಹೆಸರಾಗಿಸಿಕೊಂಡ "40 ಡೇಸ್ ಅಂಡ್ 40 ನೈಟ್ಸ್" ಎಂಬ ಪುಸ್ತಕವನ್ನು ಬರೆದ ಮ್ಯಾಥ್ಯೂ ಚಾಪ್ಮನ್ ಅವರು ಚಾರ್ಲ್ಸ್ ಡಾರ್ವಿನ್ನನ ಮರಿಮೊಮ್ಮಗಳ ಮಗ.